ಪಿಎ ಸ್ಕೂಲ್ ಸೇರ್ತಿದ್ದೀರಾ? ಆ 27 ತಿಂಗಳಲ್ಲಿ ಏನೇನಾಗುತ್ತೆ ಅಂತ ಮೊದಲೇ ತಿಳ್ಕೊಳ್ಳಿ

ಪಿಎ, ಅಂದ್ರೆ ಫಿಜಿಶಿಯನ್ ಅಸಿಸ್ಟೆಂಟ್, ಕೋರ್ಸಿನ ಎರಡನೇ ವರ್ಷ. ಮೊದಲನೇ ರೊಟೇಶನ್, ಅಂದ್ರೆ ಒಂದು ವಿಭಾಗದಲ್ಲಿ ಕೆಲವು ವಾರ ರೋಗಿಗಳನ್ನ ನೋಡಿ ಕಲಿಯೋ ಸರದಿ, ಫ್ಯಾಮಿಲಿ ಮೆಡಿಸಿನ್‌ನಲ್ಲಿ. ಅರವತ್ತು ದಾಟಿದ ಒಬ್ರು ಎರಡೂ ಪಾದ ಬಾತ್ಕೊಂಡಿದೆ ಅಂತ ಬಂದಿದ್ರು. ನಾನು ಹೃದಯ ಕೇಳ್ದೆ, ಶ್ವಾಸಕೋಶ ಕೇಳ್ದೆ, ಕುತ್ತಿಗೆಯ ರಕ್ತನಾಳ ಉಬ್ಬಿದ್ಯಾ ನೋಡ್ದೆ, ಬೆರಳಿಟ್ಟು ಒತ್ತಿ ಗುಂಡಿ ಬೀಳುತ್ತಾ ನೋಡ್ದೆ, ಹೊರಗೆ ಬಂದು ನನ್ನ ಪ್ರಿಸೆಪ್ಟರ್, ಅಂದ್ರೆ ಅಲ್ಲಿ ನಮಗೆ ಕಲಿಸೋ ಡಾಕ್ಟರ್ ಅಥವಾ ಪಿಎ, ಅವರ ಹತ್ರ ಹಾರ್ಟ್ ಫೇಲ್ಯೂರ್ ಇರ್ಬಹುದು, ಕಿಡ್ನಿ ಇರ್ಬಹುದು, ಲಿವರ್ ಇರ್ಬಹುದು ಅಂತ ಒಂದೊಂದೇ ಹೇಳ್ತಾ ಹೋದೆ. ಅವರು ಪೂರ್ತಿ ಕೇಳಿಸ್ಕೊಂಡು ಒಂದೇ ಪ್ರಶ್ನೆ ಕೇಳಿದ್ರು, "ಇತ್ತೀಚೆಗೆ ಯಾವುದಾದ್ರೂ ಮಾತ್ರೆ ಬದಲಾಗಿದ್ಯಾ?" ಬದಲಾಗಿತ್ತು. ಬಿಪಿಗೆ ತಗೋತಿದ್ದ ಅಮ್ಲೋಡಿಪಿನ್ ಒಂದು ತಿಂಗಳ ಹಿಂದೆ 5 ಮಿಲಿಗ್ರಾಂ ಇದ್ದದ್ದು 10 ಆಗಿತ್ತು. ಆ ಮಾತ್ರೆಯಿಂದ ಪಾದ ಊದ್ಕೊಳ್ಳುತ್ತೆ ಅನ್ನೋದು ನನ್ನ ಫ್ಲಾಶ್‌ಕಾರ್ಡ್‌ನಲ್ಲೇ ಇತ್ತು, ಎಷ್ಟು ಸಲ ಕೇಳಿದ್ರೂ ಸರಿ ಉತ್ತರ ಕೊಡ್ತಿದ್ದೆ. ಕಾರ್ಡ್ ನೋಡಿದ್ರೆ ಪಾದ ನೆನಪಾಗ್ತಿತ್ತು, ಆದ್ರೆ ನಿಜವಾದ ಪಾದ ಎದುರಿಗೆ ಬಂದಾಗ ಕಾರ್ಡ್ ನೆನಪಾಗ್ಲಿಲ್ಲ.

ಅಮೆರಿಕಾದಲ್ಲಿ ಪಿಎ ಮಾಸ್ಟರ್ಸ್ ಮಾಡೋಕೆ ಹೊರಟಿರೋ ನಮ್ಮ ಹುಡುಗರು ಹುಡುಗಿಯರು "ಏನ್ ಓದ್ಬೇಕು, ಎಷ್ಟು ಕಷ್ಟ" ಅಂತ ಕೇಳ್ದಾಗೆಲ್ಲ ನಂಗೆ ಆ ಪಾದಾನೇ ನೆನಪಾಗೋದು. ಇಡೀ ಪ್ರೋಗ್ರಾಂ ಇರೋದೇ ಆ ಒಂದು ನಿಮಿಷಕ್ಕೋಸ್ಕರ, ರೋಗಿ ಎದುರಿಗಿದ್ದಾರೆ, ಪುಸ್ತಕ ಮುಚ್ಚಿದೆ, ನಿಮಗೇನನ್ಸುತ್ತೆ ಅಂತ ನೀವು ಬಾಯಿ ಬಿಟ್ಟು ಹೇಳ್ಬೇಕು. ಮೊದಲ ದಿನದಿಂದಾನೇ ಆ ನಿಮಿಷಕ್ಕೆ ಓದೋಕೆ ಶುರು ಮಾಡಿದ್ರೆ ತುಂಬಾ ನೋವು ತಪ್ಪುತ್ತೆ, ನಾನು ಅದನ್ನ ಮೊದಲ ವರ್ಷ ಪೂರ್ತಿ ಮಾಡ್ಲಿಲ್ಲ, ಅದಕ್ಕೇ ಇದನ್ನ ಬರೀತಿರೋದು.

ಮೊದಲು ಇದು ಏನು ಅಂತ ಚುಟುಕಾಗಿ

1965ರಲ್ಲಿ ಡ್ಯೂಕ್ ಯೂನಿವರ್ಸಿಟಿಯಲ್ಲಿ ಡಾ. ಯೂಜೀನ್ ಸ್ಟೆಡ್ ಅನ್ನೋರು ನೌಕಾಪಡೆಯಲ್ಲಿ ಕಾರ್ಪ್ಸ್‌ಮನ್ ಆಗಿ ಕೆಲಸ ಮಾಡಿ ಬಂದಿದ್ದ ನಾಲ್ಕು ಜನರನ್ನ ತಗೊಂಡು ಶುರು ಮಾಡಿದ್ದು ಇದು. ಯುದ್ಧದಲ್ಲಿ ಗಾಯಾಳುಗಳನ್ನ ನೋಡ್ಕೊಂಡು ಅಷ್ಟೊಂದು ಕಲ್ತಿರೋರಿಗೆ ಊರಿಗೆ ವಾಪಸ್ ಬಂದ್ಮೇಲೆ ಆ ವಿದ್ಯೆ ಉಪಯೋಗಿಸೋಕೆ ದಾರೀನೇ ಇರ್ಲಿಲ್ಲ, ಇನ್ನೊಂದ್ ಕಡೆ ಡಾಕ್ಟರ್‌ಗಳು ಸಾಲ್ತಿರ್ಲಿಲ್ಲ. ಆ ನಾಲ್ವರಲ್ಲಿ ಮೂರು ಜನ 1967ರ ಅಕ್ಟೋಬರ್ 6ಕ್ಕೆ ಪಾಸಾಗಿ ಹೊರಗೆ ಬಂದ್ರು, ಈಗಲೂ ಪಿಎ ವಾರ ಅಂತ ಆಚರಿಸೋದು ಆ ತಾರೀಖಿನಿಂದಾನೇ. ಇವತ್ತು 300ಕ್ಕಿಂತ ಜಾಸ್ತಿ ಪ್ರೋಗ್ರಾಂಗಳಿವೆ, ಎಲ್ಲಾನೂ ಮಾಸ್ಟರ್ಸ್ ಮಟ್ಟದ್ದು. ಪಾಸಾದವರು ರೋಗ ಪತ್ತೆ ಮಾಡ್ತಾರೆ, ಟೆಸ್ಟ್ ಬರೀತಾರೆ, ಆಪರೇಶನ್‌ನಲ್ಲಿ ಸರ್ಜನ್ ಎದುರಿಗೆ ನಿಂತು ಅಸಿಸ್ಟ್ ಮಾಡ್ತಾರೆ, ಎಲ್ಲಾ 50 ರಾಜ್ಯಗಳಲ್ಲೂ ಔಷಧಿ ಬರೀಬಹುದು, ಡಾಕ್ಟರ್ ಜೊತೆ ಹೇಗೆ ಎಷ್ಟು ಹೊಂದ್ಕೊಂಡು ಕೆಲಸ ಮಾಡ್ಬೇಕು ಅನ್ನೋ ನಿಯಮ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. 2021ರಲ್ಲಿ ವೃತ್ತಿಯ ರಾಷ್ಟ್ರೀಯ ಸಂಘ ಹೆಸರನ್ನ ಫಿಜಿಶಿಯನ್ ಅಸೋಸಿಯೇಟ್ ಅಂತ ಬದಲಾಯಿಸೋಕೆ ತೀರ್ಮಾನ ಮಾಡ್ತು, ಹಾಗಾಗಿ ಎರಡೂ ಹೆಸರು ಕಿವಿಗೆ ಬೀಳುತ್ತೆ, ಗಾಬರಿ ಬೀಳ್ಬೇಡಿ, ಒಂದೇ ಕೆಲಸ.

ನಮ್ಮವರು ಪದೇ ಪದೇ ಕೇಳೋ ಒಂದು ಪ್ರಶ್ನೆ ಇಲ್ಲೇ ಮುಗಿಸ್ಬಿಡ್ತೀನಿ. ಬೇರೆ ದೇಶದಲ್ಲಿ ಎಂಬಿಬಿಎಸ್ ಮಾಡಿಬಂದಿದ್ರೂ ನೇರವಾಗಿ ಪಿಎ ಪರೀಕ್ಷೆ ಬರೆಯೋಕಾಗಲ್ಲ. ಎಆರ್‌ಸಿ-ಪಿಎ ಅನ್ನೋ ಸಂಸ್ಥೆ ಮಾನ್ಯತೆ ಕೊಟ್ಟಿರೋ ಪ್ರೋಗ್ರಾಂನ ಮೊದಲಿಂದ ಕೊನೆ ತನಕ ಮಾಡ್ಲೇಬೇಕು. ಡಿಗ್ರಿ ಹೊರದೇಶದ್ದಾಗಿದ್ರೆ ಅನಾಟಮಿ, ಫಿಸಿಯಾಲಜಿ, ಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಸ್ಟಾಟಿಸ್ಟಿಕ್ಸ್ ಥರದ, ಸೇರೋ ಮೊದಲೇ ಮುಗಿಸಿರ್ಬೇಕಾದ ಪ್ರಿರಿಕ್ವಿಸಿಟ್‌ಗಳನ್ನ ಅಮೆರಿಕಾದ ಕಾಲೇಜಲ್ಲೇ ಮಾಡಿರ್ಬೇಕು ಅಂತ ಎಷ್ಟೋ ಪ್ರೋಗ್ರಾಂಗಳು ಹೇಳ್ತಾವೆ, ಇದನ್ನ ಒಂದೊಂದು ಪ್ರೋಗ್ರಾಂಗೂ ಬೇರೆ ಬೇರೆಯಾಗಿ ಬರೆದು ಕೇಳ್ಕೊಳ್ಳಿ, ಒಬ್ಬರಿಗೆ ಒಪ್ಪಿಗೆಯಾಗಿದ್ದು ಇನ್ನೊಬ್ಬರಿಗೆ ಆಗಲ್ಲ.

ಸೀಟ್ ಒಪ್ಪಿಕೊಳ್ಳೋ ಮೊದಲು ಮೂರು ವಿಷಯ ನೋಡಿ

ಹೆಚ್ಚಿನ ಪ್ರೋಗ್ರಾಂಗಳಿಗೆ ಅಪ್ಲಿಕೇಶನ್ ಹಾಕೋದು ಕ್ಯಾಸ್ಪಾ ಅನ್ನೋ ಒಂದೇ ಆನ್‌ಲೈನ್ ಪೋರ್ಟಲ್‌ನಿಂದ, ಪ್ರತಿ ವರ್ಷ ಏಪ್ರಿಲ್ ಕೊನೆಗೆ ತೆರೆಯುತ್ತೆ, ತುಂಬಾ ಪ್ರೋಗ್ರಾಂಗಳು ಬಂದಹಾಗೆ ಬಂದಹಾಗೆ ನೋಡ್ತಾ ಸೀಟ್ ತುಂಬ್ತಾ ಹೋಗ್ತಾವೆ, ಅದಕ್ಕೆ ಲೇಟ್ ಮಾಡ್ಬೇಡಿ, ಅಷ್ಟೇ. ಅದರ ಬಗ್ಗೆ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಸೀಟ್ ಸಿಕ್ಕಿದ್ಮೇಲೆ ಖುಷೀಲಿ ಯಾರೂ ನೋಡದೇ ಇರೋದನ್ನ ನಾನು ಹೇಳ್ತೀನಿ.

ಪ್ರತಿ ಪ್ರೋಗ್ರಾಂ ತನ್ನ ವೆಬ್‌ಸೈಟ್‌ನಲ್ಲಿ ಹಿಂದಿನ ಐದು ವರ್ಷದ ಪ್ಯಾನ್ಸ್ ಫಲಿತಾಂಶ ಹಾಕ್ಲೇಬೇಕು, ಪ್ಯಾನ್ಸ್ ಅಂದ್ರೆ ಕೊನೆಗೆ ಬರೆಯೋ ರಾಷ್ಟ್ರಮಟ್ಟದ ಪರೀಕ್ಷೆ. ಅದನ್ನ ಎಲ್ಲರೂ ನೋಡ್ತಾರೆ. ಅದರ ಪಕ್ಕದಲ್ಲೇ ಅಟ್ರಿಶನ್ ಟೇಬಲ್ ಅಂತ ಒಂದಿರುತ್ತೆ, ಎಷ್ಟು ಜನ ಸೇರಿದ್ರು, ಎಷ್ಟು ಜನ ಹಿಂದೆ ಉಳಿದ್ರು, ಎಷ್ಟು ಜನ ಮುಗಿಸಿದ್ರು ಅಂತ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ನೂರಕ್ಕೆ ನೂರು ಪಾಸ್ ಅಂತಿರೋ ಕಡೆ ಪ್ರತಿ ಬ್ಯಾಚಲ್ಲೂ ಆರೇಳು ಜನ ಕಾಣೆಯಾಗಿದ್ರೆ ಆ ನೂರರ ಅರ್ಥ ಬೇರೆ. ಮೂರನೇದು ಮಾನ್ಯತೆ ಸ್ಥಿತಿ. ಹೊಸ ಪ್ರೋಗ್ರಾಂ ಆಗಿದ್ರೆ ಪ್ರೊವಿಶನಲ್ ಅಂತಿರುತ್ತೆ, ಅಲ್ಲಿ ಓದಿದವರೂ ಪ್ಯಾನ್ಸ್ ಬರೀಬಹುದು, ಅದರಲ್ಲಿ ತಪ್ಪೇನಿಲ್ಲ. ಪ್ರೊಬೇಶನ್ ಅಂತಿದ್ರೆ, ಅಂದ್ರೆ ಕೊರತೆ ಕಂಡು ಮಾನ್ಯತೆ ಕೊಡೋ ಸಂಸ್ಥೆ ನಿಗಾ ಇಟ್ಟಿದ್ರೆ, ಯಾಕೆ ಅಂತ ಇಂಟರ್‌ವ್ಯೂನಲ್ಲೇ ಕೇಳಿ, ಮರ್ಯಾದೆಯಿಂದ ಕೇಳಿದ್ರೆ ಯಾರೂ ತಪ್ಪು ತಿಳ್ಕೊಳ್ಳಲ್ಲ, ಎಷ್ಟು ನೇರವಾಗಿ ಉತ್ತರ ಕೊಡ್ತಾರೆ ಅನ್ನೋದ್ರಲ್ಲೇ ನಿಮಗೆ ಅರ್ಧ ತಿಳಿದ್ಬಿಡುತ್ತೆ.

ದುಡ್ಡಿನ ವಿಷಯ. ಫೀಸೊಂದೇ ತುಂಬಾ ಕಡೆ ಒಂದು ಲಕ್ಷ ಡಾಲರ್ ಹತ್ರ ಹೋಗುತ್ತೆ ಅಥವಾ ದಾಟುತ್ತೆ, ಅದರ ಮೇಲೆ ಮನೆ ಬಾಡಿಗೆ, ಕಾರು, ಇನ್ಶೂರೆನ್ಸ್. ಓದ್ತಾ ಓದ್ತಾ ಪಾರ್ಟ್ ಟೈಮ್ ಕೆಲಸ ಮಾಡ್ತೀನಿ ಅನ್ನೋ ಲೆಕ್ಕ ಹಾಕ್ಬೇಡಿ, ಬಹಳಷ್ಟು ಪ್ರೋಗ್ರಾಂಗಳು ಬೇಡ ಅಂತ ಖಡಾಖಂಡಿತವಾಗಿ ಹೇಳ್ತಾವೆ, ಹೇಳ್ದೇ ಇದ್ರೂ ಟೈಮ್ ಸಿಗಲ್ಲ. ಫೆಡರಲ್, ಅಂದ್ರೆ ಕೇಂದ್ರ ಸರ್ಕಾರದ, ಸಾಲದ ನಿಯಮ 2025ರ ಕಾನೂನಿಂದ ಬದಲಾಗಿದೆ, 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳ್ಳೋರಿಗೆ ಪೂರ್ತಿ ಖರ್ಚಿನ ತನಕ ಸಿಗ್ತಿದ್ದ ಗ್ರಾಡ್ ಪ್ಲಸ್ ಸಾಲ ಇಲ್ಲ, ಸಾಮಾನ್ಯ ಗ್ರಾಜುಯೇಟ್ ವಿದ್ಯಾರ್ಥಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು 1,00,000 ಡಾಲರ್ ಮಿತಿ. ಹಳಬರು "ಎಲ್ಲಾ ಸಾಲ ಸಿಗುತ್ತೆ ಬಿಡು" ಅಂದ್ರೆ ಅದು ಅವರ ಕಾಲದ ಮಾತು. ನಿಮಗೆ ಎಷ್ಟು ಸಿಗುತ್ತೆ, ಉಳಿದಿದ್ದು ಎಲ್ಲಿಂದ ತರ್ಬೇಕು ಅನ್ನೋದನ್ನ ಡೆಪಾಸಿಟ್ ಕಟ್ಟೋ ಮೊದಲು ಫೈನಾನ್ಶಿಯಲ್ ಏಡ್ ಆಫೀಸಲ್ಲಿ ಕೂತು ಒಂದು ಹಾಳೆ ಮೇಲೆ ಬರೆಸ್ಕೊಳ್ಳಿ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರೋರಿಗೆ ಫೆಡರಲ್ ಸಾಲ, ಸ್ಟೂಡೆಂಟ್ ವೀಸಾದಲ್ಲಿರೋರಿಗೆ ಇಲ್ಲ. ಪ್ರೈಮರಿ ಕೇರ್ ಇಷ್ಟ ಇರೋ ಸಿಟಿಜನ್‌ಗಳು ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ ಸ್ಕಾಲರ್‌ಶಿಪ್ ನೋಡಿ, ಫೀಸ್ ಅವರೇ ಕಟ್ತಾರೆ, ಓದು ಮುಗಿದ್ಮೇಲೆ ಡಾಕ್ಟರ್ ಕೊರತೆ ಇರೋ ಜಾಗದಲ್ಲಿ ಕನಿಷ್ಠ ಎರಡು ವರ್ಷ ಕೆಲಸ ಮಾಡ್ಬೇಕು.

ಮೊದಲನೇ ವರ್ಷ, ಡಿಡಾಕ್ಟಿಕ್

ಪ್ರೋಗ್ರಾಂ ಸಾಮಾನ್ಯವಾಗಿ 24ರಿಂದ 36 ತಿಂಗಳು, ಸರಾಸರಿ 27 ಅಂತ ಹೇಳ್ತಾರೆ. ಅದರಲ್ಲಿ ಮೊದಲ ಒಂದು ವರ್ಷದಷ್ಟು ಕ್ಲಾಸ್‌ರೂಮು. ಬೆಳಿಗ್ಗೆ 8ಕ್ಕೆ ಕೂತ್ರೆ ಸಂಜೆ 4, 5ರ ತನಕ, ಅನಾಟಮಿ, ಫಿಸಿಯಾಲಜಿ, ಫಾರ್ಮಕಾಲಜಿ, ಕ್ಲಿನಿಕಲ್ ಮೆಡಿಸಿನ್, ಫಿಸಿಕಲ್ ಎಕ್ಸಾಮ್ ಎಲ್ಲಾ ಒಟ್ಟೊಟ್ಟಿಗೆ. ವಾರಕ್ಕೊಂದು ಪರೀಕ್ಷೆ ಅಂದ್ಕೊಳ್ಳಿ, ಕೆಲವು ವಾರ ಮೂರು. ಯಾವ ಒಂದು ಪಾಠಾನೂ ಅರ್ಥ ಆಗ್ದೇ ಇರೋಷ್ಟು ಕಷ್ಟ ಇರಲ್ಲ, ಒಂದನ್ನ ಅರಗಿಸ್ಕೊಳ್ಳೋದ್ರೊಳಗೆ ಇನ್ನೊಂದು ಬಂದು ಕೂತಿರುತ್ತೆ, ತೊಂದರೆ ಅದೇ.

ಡಿಗ್ರೀಲಿ ನೀವು ಮಾಡ್ತಿದ್ದ ಹಾಗೆ ಸ್ಲೈಡ್ ಎಲ್ಲಾ ನೀಟಾಗಿ ಬರ್ಕೊಂಡು, ಬಣ್ಣ ಹಚ್ಚಿ, ಎರಡು ಸಲ ಓದಿ ಪರೀಕ್ಷೆಗೆ ಹೋಗೋದು ಇಲ್ಲಿ ಮೂರನೇ ವಾರಕ್ಕೇ ಮುರಿದು ಬೀಳುತ್ತೆ. ನಂಗೂ ಹಾಗೇ ಆಯ್ತು, ಮೊದಲನೇ ಫಾರ್ಮಕಾಲಜಿ ಪರೀಕ್ಷೇಲಿ ಪಾಸ್ ಮಾರ್ಕ್ಸ್‌ಗಿಂತ ಕೆಳಗೆ ಬಂದು ರೆಮಿಡಿಯೇಶನ್‌ಗೆ ಕೂತೆ. ರೆಮಿಡಿಯೇಶನ್ ಅಂದ್ರೆ ತಪ್ಪಾದ ಭಾಗ ಮತ್ತೆ ಓದಿ ಮತ್ತೆ ಪರೀಕ್ಷೆ ಕೊಡೋದು, ಅದು ಅವಮಾನ ಅಲ್ಲ, ಬ್ಯಾಚಿನಲ್ಲಿ ಹೆಚ್ಚಿನವರು ಯಾವುದೋ ಒಂದು ಹಂತದಲ್ಲಿ ಅಲ್ಲಿ ಕೂತಿರ್ತಾರೆ, ಬಾಯಿ ಬಿಡಲ್ಲ ಅಷ್ಟೇ. ಪದೇ ಪದೇ ಆದ್ರೆ ಮಾತ್ರ ಮುಂದಿನ ಬ್ಯಾಚಿಗೆ ಹಾಕೋದು ಅಥವಾ ಹೊರಗೆ ಕಳ್ಸೋದು ಇದೆ, ಅದರ ನಿಯಮ ಹ್ಯಾಂಡ್‌ಬುಕ್‌ನಲ್ಲಿರುತ್ತೆ, ಮೊದಲ ವಾರವೇ ಆ ಪುಟ ಓದ್ಕೊಳ್ಳಿ.

ಆಮೇಲೆ ಕೆಲಸ ಮಾಡಿದ್ದು ಏನು ಅಂದ್ರೆ, ಪ್ರತಿ ಕಾಯಿಲೆಗೂ ಅವೇ ಪ್ರಶ್ನೆ ಕೇಳ್ಕೊಳ್ಳೋದು. ಇದು ಯಾರಿಗೆ ಬರುತ್ತೆ, ಅವರು ಬಂದು ಏನಂತಾರೆ, ಮುಟ್ಟಿ ನೋಡಿದ್ರೆ ಏನು ಸಿಗುತ್ತೆ, ಮೊದಲು ಯಾವ ಟೆಸ್ಟ್, ಖಚಿತ ಮಾಡೋ ಟೆಸ್ಟ್ ಯಾವುದು, ಮೊದಲ ಔಷಧಿ ಯಾವುದು, ಇದೇ ಥರ ಕಾಣೋ ಆದ್ರೆ ಜೀವ ತೆಗೆಯೋ ಇನ್ನೊಂದು ಕಾಯಿಲೆ ಯಾವುದು. ಹಾಳೆ ಮೇಲಲ್ಲ, ಬಾಯಲ್ಲಿ. ಸಂಜೆ ಇಬ್ಬರು ಮೂವರು ಕೂತು ಒಬ್ಬರು ರೋಗಿ ಆಗಿ, ಇನ್ನೊಬ್ಬರು ಪ್ರಶ್ನೆ ಕೇಳಿ. ಆಂಕಿ ಥರದ ಫ್ಲಾಶ್‌ಕಾರ್ಡ್ ಆ್ಯಪ್ ಉಪಯೋಗಿಸ್ತೀರಾದ್ರೆ ಖಂಡಿತ ಉಪಯೋಗಿಸಿ, ಆದ್ರೆ ಕಾರ್ಡನ್ನ ತಿರುಗಿಸಿ ಬರೀರಿ. "ಅಮ್ಲೋಡಿಪಿನ್ ಅಡ್ಡಪರಿಣಾಮ ಏನು" ಅಂತಲ್ಲ, "ಎರಡೂ ಪಾದ ಬಾತಿದೆ, ಉಸಿರು ಚೆನ್ನಾಗಿದೆ, ಬಿಪಿ ಮಾತ್ರೆ ತಗೋತಾರೆ, ಏನು ಕೇಳ್ತೀಯಾ" ಅಂತ. ಪ್ರಶ್ನೆ ರೋಗಿ ಬಾಯಿಂದ ಬರೋ ಹಾಗಿರ್ಲಿ. ನಾನು ಮತ್ತೆ ಓದೋದಾದ್ರೆ ಮೊದಲು ಬದಲಾಯಿಸೋದು ಇದನ್ನೇ.

ಅನಾಟಮಿ ಲ್ಯಾಬ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಎಲ್ಲಾ ಕಡೆ ಒಂದೇ ಥರ ಇರಲ್ಲ, ಕೆಲವು ಕಡೆ ದಾನ ಮಾಡಿದ ದೇಹವನ್ನ ನೀವೇ ಕೊಯ್ದು ಕಲೀತೀರಿ, ಕೆಲವು ಕಡೆ ಮೊದಲೇ ಬಿಡಿಸಿಟ್ಟಿರ್ತಾರೆ, ಕೆಲವು ಕಡೆ ಬರೀ ಸ್ಕ್ರೀನ್ ಮೇಲೆ. ನಮಗೆ ನಾಲ್ಕೈದು ಜನಕ್ಕೊಂದು ಟೇಬಲ್. ನಮ್ಮ ಟೇಬಲ್‌ನಲ್ಲಿದ್ದ ವಯಸ್ಸಾದವರ ಎಡಗಾಲಿನ ಒಳಬದೀಲಿ ಪಾದದ ಗಂಟಿನಿಂದ ಮೊಣಕಾಲಿನ ಮೇಲಿನ ತನಕ ಉದ್ದಕ್ಕೆ ಒಂದು ಹಳೇ ಗಾಯದ ಗುರುತು. ಅದನ್ನ ನಾವು ಎರಡು ವಾರ ದಿನಾ ನೋಡಿದ್ವಿ, ಏನಿದು ಅಂತ ಒಬ್ಬರೂ ಕೇಳ್ಲಿಲ್ಲ. ಮೂರನೇ ವಾರ ಎದೆ ಭಾಗಕ್ಕೆ ಬಂದ್ವಿ, ಎದೆಮೂಳೆ ಮೇಲೆ ಉಕ್ಕಿನ ತಂತಿ ಸುತ್ತಿ ಬಿಗಿದಿತ್ತು, ಒಳಗೆ ಹೃದಯದ ಮೇಲೆ ಮಹಾಪಧಮನಿಯಿಂದ ಇಳಿದು ಬಂದ ಎರಡು ರಕ್ತನಾಳ, ಬೈಪಾಸ್ ಆಗಿತ್ತು. ಅವು ಬಂದಿದ್ದು ಆ ಕಾಲಿಂದ. ಟೇಬಲ್ ಸುತ್ತ ಇದ್ದ ನಾವೆಲ್ಲ ಒಂದೇ ಸಲ ಕಾಲಿನ ಕಡೆ ತಿರುಗಿದ್ವಿ, ಯಾರೂ ಮಾತಾಡ್ಲಿಲ್ಲ. ಕಾಲಿನ ಒಳಬದಿಯ ಆ ಉದ್ದ ರಕ್ತನಾಳ, ಸಫೀನಸ್ ವೇಯ್ನ್, ನಂಗೆ ಅವತ್ತಿಂದ ಬರೀ ಹೆಸರಲ್ಲ. ಅದಕ್ಕೇ ಹೇಳ್ತೀನಿ, ಲ್ಯಾಬಲ್ಲಿ ಲಿಸ್ಟ್‌ನಲ್ಲಿರೋ ಹೆಸರುಗಳನ್ನ ಹುಡುಕಿ ಟಿಕ್ ಹಾಕಿ ಓಡ್ಬೇಡಿ, ಮೊದಲ ದಿನ ಐದು ನಿಮಿಷ ಸುಮ್ಮನೆ ತಲೆಯಿಂದ ಕಾಲಿನ ತನಕ ನೋಡಿ, ಏನೇನು ಗುರುತಿದೆ ಬರ್ಕೊಳ್ಳಿ. ತಲೆ ಸುತ್ತಿದ್ರೆ ಪಕ್ಕದವರಿಗೆ ಹೇಳಿ ಕೂತ್ಕೊಳ್ಳಿ, ಹೊಟ್ಟೆ ಖಾಲಿ ಇಟ್ಕೊಂಡು ಹೋಗ್ಬೇಡಿ. ಕೋರ್ಸ್ ಮುಗಿದಾಗ ಎಷ್ಟೋ ಕಡೆ ದಾನಿಗಳಿಗೆ ನಮನ ಸಲ್ಲಿಸೋ ಒಂದು ಸಣ್ಣ ಕಾರ್ಯಕ್ರಮ ಇರುತ್ತೆ, ಪರೀಕ್ಷೆ ಇದೆ ಅಂತ ತಪ್ಪಿಸ್ಬೇಡಿ ದಯವಿಟ್ಟು.

ಫಿಸಿಕಲ್ ಎಕ್ಸಾಮ್ ಕ್ಲಾಸಲ್ಲಿ ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡ್ತೀರಿ, ನಾಚಿಕೆ ಎರಡು ವಾರದಲ್ಲಿ ಹೋಗುತ್ತೆ, ಯಾವುದಾದ್ರೂ ಬೇಡ ಅನ್ಸಿದ್ರೆ ಹೇಳೋ ಹಕ್ಕು ನಿಮಗಿದೆ. ಆಮೇಲೆ ಆಸ್ಕಿ ಅಂತ ಒಂದು ಪರೀಕ್ಷೆ ಬರುತ್ತೆ, ರೋಗಿ ಪಾತ್ರ ಮಾಡೋಕೆ ತರಬೇತಿ ಆದವರು ರೂಮಲ್ಲಿ ಕೂತಿರ್ತಾರೆ, ನಿಮಗೆ ಹದಿನೈದು ಇಪ್ಪತ್ತು ನಿಮಿಷ, ಕ್ಯಾಮೆರಾ ಮೇಲಿರುತ್ತೆ. ಅಲ್ಲಿ ಹುಡುಗರು ಮಾರ್ಕ್ಸ್ ಕಳ್ಕೊಳ್ಳೋದು ಕಾಯಿಲೆ ಗೊತ್ತಾಗ್ದೇ ಇರೋದಕ್ಕಿಂತ ಜಾಸ್ತಿ ಕೈ ತೊಳೀದೇ ಇರೋದು, ತಾನು ಪಿಎ ವಿದ್ಯಾರ್ಥಿ ಅಂತ ಹೇಳ್ದೇ ಇರೋದು, ಬಟ್ಟೆ ಮೇಲಿಂದಾನೇ ಸ್ಟೆತಸ್ಕೋಪ್ ಇಡೋದು, ಅಲರ್ಜಿ ಕೇಳ್ದೇ ಇರೋದು ಇಂಥದಕ್ಕೆ. ಇವು ಸಣ್ಣವಲ್ಲ ನನ್ನ ಪ್ರಕಾರ, ನಿಜವಾದ ರೂಮಲ್ಲಿ ಅಲರ್ಜಿ ಕೇಳ್ಲಿಲ್ಲ ಅಂದ್ರೆ ಏನಾಗುತ್ತೆ ಅಂತ ಯೋಚ್ನೆ ಮಾಡಿ.

ಮನೆಯವರಿಗೂ ಮೊದಲೇ ಹೇಳಿಡಿ. ಮದುವೆ, ಮುಂಜಿ, ನಾಮಕರಣ ಅಂತ ಕರೆದಾಗೆಲ್ಲ ಬರೋಕಾಗಲ್ಲ ಅನ್ನೋದನ್ನ ಸೇರೋ ಮೊದಲೇ ಕೂರಿಸಿ ಹೇಳಿದ್ರೆ ಬೇಜಾರು ಕಡಿಮೆ. ಪ್ರೋಗ್ರಾಂನ ವರ್ಷದ ಕ್ಯಾಲೆಂಡರ್ ಪ್ರಿಂಟ್ ತೆಗೆದು ಗಂಡ ಅಥವಾ ಹೆಂಡ್ತಿ ಕೈಗೆ ಕೊಡಿ. ಮಕ್ಕಳಿರೋರೂ ನಮ್ಮ ಬ್ಯಾಚಲ್ಲಿದ್ರು, ರಾತ್ರಿ ಮಕ್ಕಳು ಮಲಗಿದ್ಮೇಲೆ ಓದಿ ಮುಗಿಸಿದ್ರು, ಆದ್ರೆ ಅವರ ಮನೇಲಿ ಯಾವ ದಿನ ಯಾರು ಮಗೂನ ಕರ್ಕೊಂಡು ಬರೋದು ಅಂತ ಒಂದು ಸೆಮಿಸ್ಟರ್ ಮುಂಚೇನೇ ಗೊತ್ತಿರ್ತಿತ್ತು. ನಿದ್ದೆಗೆಟ್ಟು ಓದೋದು ಒಂದು ಪರೀಕ್ಷೆಗೆ ಆಗುತ್ತೆ, ಹನ್ನೆರಡು ತಿಂಗಳಿಗೆ ಆಗಲ್ಲ. ಮನಸ್ಸು ತೀರಾ ಕುಗ್ಗಿದ್ರೆ ಯೂನಿವರ್ಸಿಟಿ ಕೌನ್ಸಿಲಿಂಗ್‌ಗೆ ಹೋಗಿ, ನಾಳೆ ರೋಗಿಗೆ ಹೇಳೋದನ್ನ ಇವತ್ತು ನೀವು ಮಾಡಿ.

ಎರಡನೇ ವರ್ಷ, ರೊಟೇಶನ್

ಬಿಳಿ ಕೋಟು ಹಾಕೋ ಸಮಾರಂಭ ಆಗುತ್ತೆ, ಬಿಎಲ್‌ಎಸ್, ಎಸಿಎಲ್‌ಎಸ್ ಅನ್ನೋ, ಹೃದಯ ನಿಂತಾಗ ಜೀವ ಉಳಿಸೋ ತರಬೇತಿಗಳ ಸರ್ಟಿಫಿಕೇಟ್ ಆಗುತ್ತೆ, ಬ್ಯಾಕ್‌ಗ್ರೌಂಡ್ ಚೆಕ್, ಡ್ರಗ್ ಟೆಸ್ಟ್, ಟಿಬಿ ಟೆಸ್ಟ್, ಹೆಪಟೈಟಿಸ್ ಬಿ ಲಸಿಕೆ ದಾಖಲೆ ಎಲ್ಲಾ ಕೇಳ್ತಾರೆ. ಚಿಕ್ಕವರಿದ್ದಾಗ ಹಾಕಿಸಿದ ಲಸಿಕೆ ಕಾಗದ ಸಿಗದೇ ಇದ್ರೆ ರಕ್ತ ಪರೀಕ್ಷೆ ಮಾಡಿಸಿ ತೋರಿಸ್ಬೇಕಾಗುತ್ತೆ, ಹೆಪಟೈಟಿಸ್ ಬಿ ಮತ್ತೆ ಹಾಕಿಸ್ಬೇಕಾದ್ರೆ ಮೂರು ಡೋಸ್‌ನ ಸರಣಿಗೆ ಆರು ತಿಂಗಳು ಹಿಡಿಯುತ್ತೆ, ಅದಕ್ಕೆ ಸೀಟ್ ಸಿಕ್ಕಿದ ತಿಂಗಳೇ ಇದನ್ನ ಶುರು ಮಾಡಿ.

ಆಮೇಲೆ ಒಂದು ವರ್ಷದಷ್ಟು, ಹೆಚ್ಚೂಕಮ್ಮಿ 2000 ಗಂಟೆ, ಆಸ್ಪತ್ರೆ ಕ್ಲಿನಿಕ್‌ಗಳಲ್ಲಿ. ಫ್ಯಾಮಿಲಿ ಮೆಡಿಸಿನ್, ಇಂಟರ್ನಲ್ ಮೆಡಿಸಿನ್, ಎಮರ್ಜೆನ್ಸಿ, ಸರ್ಜರಿ, ಮಕ್ಕಳ ವಿಭಾಗ, ಹೆಣ್ಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯ ಇಷ್ಟರ ಅನುಭವ ಎಲ್ಲರಿಗೂ ಕಡ್ಡಾಯ, ಉಳಿದಿದ್ದು ನಿಮ್ಮ ಆಯ್ಕೆ. ಒಂದೊಂದು ನಾಲ್ಕರಿಂದ ಎಂಟು ವಾರ. ಸೈಟ್ ಮನೆ ಹತ್ರಾನೇ ಸಿಗುತ್ತೆ ಅಂದ್ಕೋಬೇಡಿ, ಒಂದು ಗಂಟೆ ಡ್ರೈವ್ ಸಾಮಾನ್ಯ, ಕೆಲವೊಮ್ಮೆ ಬೇರೆ ಊರಲ್ಲಿ ರೂಮ್ ಮಾಡ್ಕೊಂಡಿರ್ಬೇಕು, ಒಂದು ಗಟ್ಟಿ ಕಾರು ಇಟ್ಕೊಳ್ಳಿ. ಪ್ರತಿ ರೋಗಿಯನ್ನೂ ಎಕ್ಸಾಟ್ ಅಥವಾ ಟೈಫನ್ ಥರದ ಆ್ಯಪ್‌ನಲ್ಲಿ ದಾಖಲು ಮಾಡ್ಬೇಕು, ಅವತ್ತಿಂದು ಅವತ್ತೇ ಮಾಡಿ, ವಾರಾಂತ್ಯಕ್ಕೆ ಬಿಟ್ರೆ ಯಾರು ಯಾರಂತ ಮರೆತು ಹೋಗಿರುತ್ತೆ. ರೊಟೇಶನ್ ಮುಗಿದಾಗ ಬಹಳ ಕಡೆ 120 ಪ್ರಶ್ನೆ, ಎರಡು ಗಂಟೆಯ ಪರೀಕ್ಷೆ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೌಶಲ ರೋಗಿ ಬಗ್ಗೆ ಪ್ರಿಸೆಪ್ಟರ್‌ಗೆ ಹೇಳೋದು, ಎರಡು ಮೂರು ನಿಮಿಷದಲ್ಲಿ. ಕೇಳಿದ್ದೆಲ್ಲ ಕೇಳಿದ ಕ್ರಮದಲ್ಲೇ ಒದರೋದಲ್ಲ. ಆ ಪಾದದ ರೋಗೀನ ಈಗ ಹೇಳೋದಾದ್ರೆ ನಾನು ಹೀಗೆ ಹೇಳ್ತೀನಿ: "62 ವರ್ಷದ ಗಂಡಸು, ಬಿಪಿ ಇದೆ, ಮೂರು ವಾರದಿಂದ ಎರಡೂ ಪಾದ ಊತ, ಸಂಜೆಗೆ ಜಾಸ್ತಿ. ಅಮ್ಲೋಡಿಪಿನ್ ಒಂದು ತಿಂಗಳ ಹಿಂದೆ 10ಕ್ಕೆ ಏರಿಸಿದ್ದಾರೆ. ಉಬ್ಬಸ ಇಲ್ಲ, ಮಲಗಿದ್ರೆ ಉಸಿರು ಕಟ್ಟಲ್ಲ, ತೂಕ ಏರಿಲ್ಲ, ಮೂತ್ರದಲ್ಲಿ ನೊರೆ ಇಲ್ಲ. ಕುತ್ತಿಗೆ ನಾಳ ಉಬ್ಬಿಲ್ಲ, ಶ್ವಾಸಕೋಶ ಸ್ವಚ್ಛ, ಎರಡೂ ಮೀನಖಂಡ ಒಂದೇ ದಪ್ಪ, ಒತ್ತಿದ್ರೆ ನೋವಿಲ್ಲ. ನಂಗೆ ಮಾತ್ರೆಯ ಅಡ್ಡಪರಿಣಾಮ ಅನ್ಸುತ್ತೆ, ಹೃದಯ ಕಿಡ್ನಿ ಅಷ್ಟಾಗಿ ಅನ್ಸಲ್ಲ. ಕಿಡ್ನಿ ಮತ್ತು ಮೂತ್ರ ಪರೀಕ್ಷೆ ಮಾಡ್ಸಿ, ಡೋಸ್ ಇಳಿಸಿ ಇಲ್ಲಾ ಬೇರೆ ಗುಂಪಿನ ಬಿಪಿ ಮಾತ್ರೆಗೆ ಬದಲಾಯಿಸಿ, ಎರಡು ವಾರಕ್ಕೆ ಮತ್ತೆ ನೋಡೋಣ ಅಂತ." ಇಲ್ಲಿ "ನಂಗೆ ಅನ್ಸುತ್ತೆ" ಅನ್ನೋ ಜಾಗ ನೋಡಿ, ಅದನ್ನ ಯಾವತ್ತೂ ಬಿಡ್ಬೇಡಿ. ತಪ್ಪಾದ್ರೂ ಹೇಳಿ. ವಿದ್ಯಾರ್ಥಿ ತಪ್ಪು ಹೇಳಿದ್ರೆ ಪ್ರಿಸೆಪ್ಟರ್ ತಿದ್ದೋಕೆ ಒಂದು ಆಧಾರ ಸಿಗುತ್ತೆ, ಏನೂ ಹೇಳ್ದೇ "ನೀವೇ ಹೇಳಿ ಸರ್" ಅಂತ ನಿಂತ್ರೆ ಎಲ್ಲಿಂದ ತಿದ್ದೋದು? ಕಾರಲ್ಲಿ ಒಬ್ಬರೇ ಬರ್ತಾ ಅವತ್ತಿನ ಒಬ್ಬ ರೋಗೀನ ಹೆಸರು ಹೇಳ್ದೇ ಗಟ್ಟಿಯಾಗಿ ಮತ್ತೆ ಪ್ರೆಸೆಂಟ್ ಮಾಡಿ, ನಂಗೆ ಇದು ಯಾವ ಪುಸ್ತಕಕ್ಕಿಂತ ಜಾಸ್ತಿ ಸಹಾಯ ಮಾಡ್ತು.

ಒಂದೊಂದು ವಿಭಾಗಕ್ಕೆ ಒಂದೊಂದು ಮಾತು. ಮಕ್ಕಳನ್ನ ನೋಡೋವಾಗ ಅಮ್ಮನ ತೊಡೆ ಮೇಲೆ ಸುಮ್ಮನಿದ್ದಾಗ್ಲೇ ಎದೆ ಕೇಳ್ಬಿಡಿ, ಕಿವಿ ಗಂಟಲು ಕೊನೆಗೆ, ಅತ್ತ ಮೇಲೆ ಎದೇಲಿ ಏನೂ ಕೇಳ್ಸಲ್ಲ. ಎಮರ್ಜೆನ್ಸೀಲಿ ಸಾಮಾನ್ಯವಾದದ್ದು ಏನು ಅಂತ ಯೋಚಿಸೋ ಮೊದಲು ಜೀವಕ್ಕೆ ಅಪಾಯ ಇರೋದು ಏನು ಅಂತ ಯೋಚಿಸಿ. ಸರ್ಜರೀಲಿ ಬೆಳಿಗ್ಗೆ 5ಕ್ಕೆ ಹೋಗಿ ನಿಮ್ಮ ರೋಗೀನ ನೋಡಿರ್ಬೇಕು, ತಿಂಡಿ ತಿಂದು ಹೋಗಿ, ಹಿಂದಿನ ರಾತ್ರಿ ಆಪರೇಶನ್ ಆಗೋ ಜಾಗದ ಅನಾಟಮಿ ನೋಡ್ಕೊಳ್ಳಿ, ಸ್ಟರೈಲ್, ಅಂದ್ರೆ ಕ್ರಿಮಿಮುಕ್ತ ಮಾಡಿಟ್ಟ, ಜಾಗಕ್ಕೆ ಕೈ ತಾಗ್ತು ಅಂತ ಸಂಶಯ ಬಂದ್ರೂ ತಕ್ಷಣ ಹೇಳಿ, ಮುಚ್ಚಿಡ್ಬೇಡಿ. ಹೆಣ್ಮಕ್ಕಳ ವಿಭಾಗದಲ್ಲಿ ಗಂಡು ವಿದ್ಯಾರ್ಥಿ ಬೇಡ ಅಂತ ರೋಗಿ ಹೇಳಿದ್ರೆ ಥ್ಯಾಂಕ್ಸ್ ಹೇಳಿ ಹೊರಗೆ ಬನ್ನಿ, ಮನಸ್ಸಿಗೆ ಹಚ್ಕೋಬೇಡಿ. ಮಾನಸಿಕ ಆರೋಗ್ಯದಲ್ಲಿ ಸಾಯೋ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳೋದನ್ನ ಅಭ್ಯಾಸ ಮಾಡ್ಕೊಳ್ಳಿ, ಕೇಳಿದ್ರೆ ಆ ಯೋಚನೆ ಹುಟ್ಟಲ್ಲ, ಎಷ್ಟೋ ಜನಕ್ಕೆ ಯಾರಾದ್ರೂ ಕೇಳಿದ್ರಲ್ಲ ಅಂತ ಸಮಾಧಾನ ಆಗುತ್ತೆ.

ಇನ್ನೊಂದು ಸ್ವಲ್ಪ ಕಹಿ ವಿಷಯ. ನಂಗೆ ಸಿಕ್ಕ ಒಂದು ಕ್ಲಿನಿಕ್ಕಲ್ಲಿ ಮೂರು ವಾರ ಬಿಪಿ ನೋಡೋದು, ತೂಕ ನೋಡೋದು, ರೋಗೀನ ರೂಮಿಗೆ ಕೂರ್ಸೋದು ಇಷ್ಟೇ ಮಾಡಿಸಿದ್ರು, ಅವರ ಹತ್ರ ಕೆಲಸದವರು ಕಮ್ಮಿ ಇದ್ರು. ನಾನು ಹೇಳಿದ್ರೆ ಗ್ರೇಡ್ ಕೆಡುತ್ತೆ ಅಂತ ಸುಮ್ಮನಿದ್ದೆ, ಆ ಮೂರು ವಾರ ವಾಪಸ್ ಬರ್ಲಿಲ್ಲ. ವಿದ್ಯಾರ್ಥಿಯನ್ನ ಸಿಬ್ಬಂದಿ ಬದಲು ಬಳಸೋ ಹಾಗಿಲ್ಲ ಅಂತ ಮಾನ್ಯತೆ ನಿಯಮದಲ್ಲೇ ಇದೆ, ಹಾಗೇ ಸೈಟ್ ನೀವೇ ಹುಡುಕ್ಕೊಳ್ಳಿ ಅಂತ ಪ್ರೋಗ್ರಾಂ ಕಡ್ಡಾಯ ಮಾಡೋ ಹಾಗೂ ಇಲ್ಲ. ಮೊದಲ ವಾರದ ಕೊನೆಗೇ ಕ್ಲಿನಿಕಲ್ ಕೋಆರ್ಡಿನೇಟರ್‌ಗೆ ಈಮೇಲ್ ಹಾಕಿ, ದೂರಿನ ಥರ ಬೇಡ, "ಈ ವಾರ ನಾನು ಸ್ವಂತವಾಗಿ ನೋಡಿದ ರೋಗಿಗಳು ಇಷ್ಟು" ಅಂತ ಲೆಕ್ಕ ಕೊಡಿ ಸಾಕು.

ಪ್ಯಾನ್ಸ್ ಮತ್ತು ಅದರ ನಂತರ

300 ಪ್ರಶ್ನೆ, 60ರಂತೆ ಐದು ಭಾಗ, ಒಂದೊಂದಕ್ಕೆ 60 ನಿಮಿಷ, ನಡುವೆ ಒಟ್ಟು 45 ನಿಮಿಷ ಬಿಡುವು. ಅಂಕ 200ರಿಂದ 800, ಪಾಸಿಗೆ 350 ಬೇಕು. ಮೊದಲ ಸಲ ಬರೆಯೋ ಹತ್ತು ಜನರಲ್ಲಿ ಒಂಬತ್ತು ಜನಕ್ಕಿಂತ ಸ್ವಲ್ಪ ಜಾಸ್ತೀನೇ ಪಾಸಾಗ್ತಾರೆ, ಹಾಗಾಗಿ ಭಯ ಬೇಡ, ಆದ್ರೆ ಹಗುರಾಗೂ ತಗೋಬೇಡಿ. ಗ್ರಾಜುಯೇಶನ್ ಆಗಿ ಏಳು ದಿನದ ನಂತರವೇ ಬರೆಯೋಕೆ ಬಿಡೋದು, ಆರು ವರ್ಷದಲ್ಲಿ ಆರು ಅವಕಾಶ. ಅದಕ್ಕೆ ಮೊದಲು ಪ್ರೋಗ್ರಾಂನಲ್ಲೇ ಪ್ಯಾಕ್‌ರ‍್ಯಾಟ್ ಅಂತ 225 ಪ್ರಶ್ನೆಯ ಪರೀಕ್ಷೆ ಕೊಡಿಸ್ತಾರೆ, ಅದರಲ್ಲಿ ಯಾವ ಅಂಗದಲ್ಲಿ ಕಡಿಮೆ ಬಂತೋ ಅಲ್ಲಿಂದ ಓದು ಶುರು ಮಾಡಿ. ಹೃದಯ ರಕ್ತನಾಳದ ಪಾಲು ಎಲ್ಲಕ್ಕಿಂತ ದೊಡ್ಡದು, ಅದನ್ನ ಬಿಟ್ಟು ಅಪರೂಪದ ಕಾಯಿಲೆ ಹಿಂದೆ ಓಡ್ಬೇಡಿ. ದಿನಕ್ಕೆ 60 ಪ್ರಶ್ನೆ, ಗಡಿಯಾರ ಇಟ್ಕೊಂಡು, ರಾಶ್ ರಿವ್ಯೂ ಅಥವಾ ಯುವರ್ಲ್ಡ್ ಥರದ ಆನ್‌ಲೈನ್ ಪ್ರಶ್ನೆ ಸಂಗ್ರಹ ಯಾವುದಾದ್ರೂ ಒಂದು ಸಾಕು, ಎರಡೂ ಬೇಡ. ತಪ್ಪಾದ ಪ್ರಶ್ನೆಗಳ ವಿವರಣೆ ಓದೋಕೆ ಪ್ರಶ್ನೆ ಮಾಡಿದ್ದಕ್ಕಿಂತ ಎರಡರಷ್ಟು ಸಮಯ ಕೊಡಿ.

ಪಾಸಾದ್ರೆ ಹೆಸರಿನ ಕೊನೆಗೆ ಪಿಎ-ಸಿ, ಅಂದ್ರೆ ಸರ್ಟಿಫೈಡ್ ಪಿಎ, ಅಂತ ಬರ್ಕೋಬಹುದು. ಮರುದಿನವೇ ಕೆಲಸಕ್ಕೆ ಹೋಗೋಕಾಗಲ್ಲ, ರಾಜ್ಯದ ಲೈಸೆನ್ಸ್, ನಿಯಂತ್ರಿತ ಔಷಧಿಗಳಿಗೆ ಡಿಇಎ ಅನ್ನೋ ಕೇಂದ್ರ ಸರ್ಕಾರದ ಇಲಾಖೇಲಿ ನೋಂದಣಿ, ಆಸ್ಪತ್ರೆಯವರು ನಿಮ್ಮ ದಾಖಲೆ ಪರಿಶೀಲಿಸೋ ಕ್ರೆಡೆನ್ಶಿಯಲಿಂಗ್, ಇನ್ಶೂರೆನ್ಸ್ ಕಂಪನಿಗಳ ಕಾಗದ, ಎಲ್ಲಾ ಸೇರಿ ಎರಡು ಮೂರು ತಿಂಗಳು, ಕೆಲವೊಮ್ಮೆ ಜಾಸ್ತಿ. ಆ ತಿಂಗಳುಗಳ ಬಾಡಿಗೆ ದುಡ್ಡು ಮೊದಲೇ ಎತ್ತಿಡಿ. ಆಮೇಲೆ ಪ್ರತಿ ಎರಡು ವರ್ಷಕ್ಕೆ 100 ಗಂಟೆ ಸಿಎಂಇ, ಅಂದ್ರೆ ಕೆಲಸದ ಜೊತೆಗೇ ಮುಂದುವರಿಯೋ ಕಲಿಕೆ, ಹತ್ತು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಸರ್ಜರಿ, ಎಮರ್ಜೆನ್ಸಿ ಇಂಥ ಕಡೆ ಇನ್ನೂ ಆಳವಾಗಿ ಕಲೀಬೇಕು ಅನ್ನೋರಿಗೆ ರೆಸಿಡೆನ್ಸಿ ಅನ್ನೋ ಒಂದು ವರ್ಷದ ತರಬೇತಿಗಳೂ ಇವೆ, ಕಡ್ಡಾಯ ಅಲ್ಲ, ಸಂಬಳ ಕಡಿಮೆ, ಆದ್ರೆ ಒಂದು ವರ್ಷದಲ್ಲಿ ಸಿಗೋ, ಕೈ ಪಳಗಿಸೋ ಅನುಭವ ಮಾತ್ರ ಬೇರೆ ಎಲ್ಲೂ ಅಷ್ಟು ಬೇಗ ಸಿಗಲ್ಲ.

ಮೊದಲ ಕೆಲಸದ ಇಂಟರ್‌ವ್ಯೂನಲ್ಲಿ ಸಂಬಳ ಕೇಳೋ ಮೊದಲು ಮೂರು ಪ್ರಶ್ನೆ ಕೇಳಿ, ಉತ್ತರ ಬರೆದು ಕೊಡೋಕೂ ಹೇಳಿ. ಮೊದಲ ಮೂರು ತಿಂಗಳು ದಿನಕ್ಕೆ ಎಷ್ಟು ರೋಗಿಗಳು, ಆರು ತಿಂಗಳಿಗೆ ಎಷ್ಟಾಗ್ತಾರೆ. ನನ್ನ ಜೊತೆಗಿರೋ ಡಾಕ್ಟರ್ ಅದೇ ಕಟ್ಟಡದಲ್ಲಿರ್ತಾರಾ, ಇಲ್ಲಾ ಫೋನಲ್ಲಿ ಮಾತ್ರಾನಾ. ಬಾಗಿಲು ತಟ್ಟಿ "ಈ ಪಾದ ಒಂದು ನಿಮಿಷ ನೋಡ್ತೀರಾ" ಅಂತ ನಾನು ಕೇಳಿದ್ರೆ ಬರೋದು ಯಾರು, ಅವರ ಹೆಸರೇನು.